ಅಮ್ಮ ಕೇಳಿದ ಪ್ರಶ್ನೆಗೆ ಇದ್ದಿದ್ದು ಒಂದೇ ಉತ್ತರ: ಜೆನೆಟ್ ಮೆಕರ್ಡಿ ಆಕ್ಟಿಂಗ್ ಯಾಕೆ ಬಿಟ್ರು

ಜೆನೆಟ್ ಮೆಕರ್ಡಿ ಅನ್ನೋ ಹೆಸರು ನಮ್ಮ ಕಡೆ ತುಂಬ ಜನಕ್ಕೆ ಗೊತ್ತಿರಲ್ಲ, ಆದ್ರೆ ಅಮೆರಿಕಾದಲ್ಲಿ ಬೆಳೆದ ಕನ್ನಡದ ಮಕ್ಕಳನ್ನ, ಅಂದ್ರೆ ಈಗ ಇಪ್ಪತ್ತೈದು ಮೂವತ್ತರ ಆಸುಪಾಸಲ್ಲಿ ಇರೋರನ್ನ ಕೇಳಿ ನೋಡಿ, 'ಐಕಾರ್ಲಿ'ಲಿ ಸ್ಯಾಮ್ ಪಾರ್ಟ್ ಮಾಡ್ತಿದ್ದೋಳಲ್ವಾ ಅಂತ ತಕ್ಷಣ ಹೇಳ್ತಾರೆ. ನಿಕೆಲೋಡಿಯನ್ ಚಾನೆಲ್‌ನಲ್ಲಿ 2007ರ ಸೆಪ್ಟೆಂಬರ್‌ನಿಂದ 2012ರ ನವೆಂಬರ್‌ವರೆಗೆ ಬಂದ ಶೋ ಅದು. ಶುರುವಾದಾಗ ಈ ಹುಡುಗಿಗೆ 15 ವರ್ಷ. ಯಾವಾಗ್ಲೂ ತಿಂತಾ ಇರೋ, ಯಾರಿಗೂ ಹೆದರದ, ಬಾಯಿ ಜೋರಿರೋ ಹುಡುಗಿ ಪಾತ್ರ, ಆ ಪಾತ್ರದಿಂದ ಮನೆಮನೆಗೆ ಗೊತ್ತಾದ್ರು, ಆಮೇಲೆ ಇಪ್ಪತ್ತೈದು ವರ್ಷ ವಯಸ್ಸಲ್ಲಿ ಆಕ್ಟಿಂಗ್ ಪೂರ್ತಿ ಬಿಟ್ಟೇಬಿಟ್ರು. 2022ರ ಆಗಸ್ಟ್‌ನಲ್ಲಿ ಒಂದು ಆತ್ಮಕಥೆ ಬರೆದ್ರು, ಹೆಸರು 'ಐ ಆಮ್ ಗ್ಲ್ಯಾಡ್ ಮೈ ಮಾಮ್ ಡೈಡ್'. 20 ಲಕ್ಷ ಪ್ರತಿಗಿಂತ ಜಾಸ್ತಿ ಹೋಗಿದೆ. ಈಗ ಅದೇ ಕಥೆ ಸೀರೀಸ್ ಆಗಿ ಬರ್ತಿರೋದ್ರಿಂದ ಮತ್ತೆ ಎಲ್ಲಾ ಕಡೆ ಇವ್ರದೇ ಮಾತು, ಅದಕ್ಕೇ ಇದನ್ನ ಬರೀತಾ ಇದೀನಿ.

ಆ ಪುಸ್ತಕದ ಹೆಸರು ಕೇಳಿದ ಮೇಲೆ ನಾನು ತುಂಬ ದಿನ ಅದನ್ನ ಮುಟ್ಟಿರಲಿಲ್ಲ. ಕನ್ನಡದಲ್ಲಿ ಹೇಳ್ಬೇಕು ಅಂದ್ರೆ 'ನಮ್ಮಮ್ಮ ಸತ್ತಿದ್ದು ಒಳ್ಳೇದಾಯ್ತು' ಅಂತ ಆಗುತ್ತೆ, ಜೋರಾಗಿ ಹೇಳಿ ನೋಡಿ, ನಾಲಿಗೆ ಹೊರಳಲ್ಲ. ಉಪ್ಪಿಗಿಂತ ರುಚಿಯಿಲ್ಲ ತಾಯಿಗಿಂತ ಬಂಧುವಿಲ್ಲ ಅಂತ ಕೇಳ್ಕೊಂಡು ಬೆಳೆದೋರು ನಾವು, ಕೆಟ್ಟ ಮಗ ಇರಬಹುದು ಕೆಟ್ಟ ತಾಯಿ ಇರಲ್ಲ ಅಂತ ದೇವರ ಮುಂದೆ ನಿಂತು ಸ್ತೋತ್ರದಲ್ಲೂ ಹೇಳೋರು. ಆಮೇಲೆ ಓದಿದೆ, ಎರಡು ರಾತ್ರೀಲಿ ಮುಗೀತು. ಆ ಸ್ತೋತ್ರದಲ್ಲಿರೋ ನಂಬಿಕೆ ಇದ್ಯಲ್ಲ, ಅದನ್ನೇ ಅಮೆರಿಕಾದ ಕಾನೂನೂ ನಂಬ್ಕೊಂಡಿದೆ, ನಮ್ಮ ಕಾನೂನೂ ನಂಬ್ಕೊಂಡಿದೆ ಅನ್ನೋದು ಓದಿ ಮುಗಿಸಿದ ಮೇಲೆ ನಂಗೆ ಕಂಡಿದ್ದು.

ಸಾಮಾನ್ಯವಾಗಿ ಇವ್ರ ಕೆರಿಯರ್ ಬಗ್ಗೆ ಬರೆಯೋರು ಒಂದೇ ಥರ ಬರೀತಾರೆ, ಚಿಕ್ಕ ವಯಸ್ಸಲ್ಲಿ ಸ್ಟಾರ್ ಆದ್ರು, ಆಮೇಲೆ ಅವಕಾಶ ಕಮ್ಮಿ ಆಯ್ತು, ಫೀಲ್ಡಿಂದ ಔಟ್ ಆದ್ರು, ಪುಸ್ತಕ ಬರೆದು ವಾಪಸ್ ಬಂದ್ರು ಅಂತ. ಇದು ನಂಗೆ ಸರಿ ಅನ್ಸಲ್ಲ. ವಾಪಸ್ ಬರೋಕೆ ಮೊದಲು ಅವ್ರಾಗೇ ಇಷ್ಟಪಟ್ಟು ಅಲ್ಲಿಗೆ ಹೋಗಿರ್ಬೇಕಲ್ವಾ? ಅವ್ರ ಜೀವನದಲ್ಲಿ ಅವ್ರೇ ಸ್ವಂತವಾಗಿ ತಗೊಂಡ ಮೊದಲ ದೊಡ್ಡ ನಿರ್ಧಾರ ಅಂದ್ರೆ ಆಕ್ಟಿಂಗ್ ಬಿಟ್ಟಿದ್ದು. ಅದಕ್ಕಿಂತ ಮುಂಚಿಂದೆಲ್ಲ ಅವ್ರ ಅಮ್ಮಂದು.

ಮನೆ ಕಥೆ ಸ್ವಲ್ಪ ಹೇಳ್ಬೇಕು. ಕ್ಯಾಲಿಫೋರ್ನಿಯಾದ ಗಾರ್ಡನ್ ಗ್ರೋವ್ ಊರು. ನಾಲ್ಕು ಮಕ್ಕಳಲ್ಲಿ ಇವಳೇ ಕೊನೆಯವಳು, ಒಬ್ಬಳೇ ಹೆಣ್ಣು. ಅಮ್ಮಂಗೆ ಏನನ್ನೂ ಎಸೆಯೋಕೆ ಆಗ್ತಿರಲಿಲ್ಲ, ರೂಮುಗಳ ತುಂಬ ಸಾಮಾನು ತುಂಬ್ಕೊಂಡು ಮಕ್ಕಳು ಹಾಲ್‌ನಲ್ಲಿ ಮಡಚೋ ಚಾಪೆ ಹಾಸ್ಕೊಂಡು ಮಲಗ್ತಿದ್ರು. ಅಜ್ಜ ಡಿಸ್ನಿಲ್ಯಾಂಡ್ ಗೇಟಲ್ಲಿ ಟಿಕೆಟ್ ನೋಡೋ ಕೆಲಸ ಮಾಡ್ತಿದ್ರು. ಜೆನೆಟ್‌ಗೆ ಎರಡು ವರ್ಷ ಇದ್ದಾಗ ಅಮ್ಮಂಗೆ ಬ್ರೆಸ್ಟ್ ಕ್ಯಾನ್ಸರ್ ಬಂದು ವಾಸಿ ಆಗಿತ್ತು, ಆದ್ರೆ ಅದು ಮತ್ತೆ ಬರುತ್ತೇನೋ ಅನ್ನೋ ಭಯ ಆ ಮನೆ ಬಿಟ್ಟು ಹೋಗಲೇ ಇಲ್ಲ. ಬರ್ತ್‌ಡೇ ದಿನ ಕ್ಯಾಂಡಲ್ ಊದುವಾಗ ಆ ಮಗು ಬೇಡ್ಕೊತಿದ್ದಿದ್ದು ಅಮ್ಮ ಇನ್ನೊಂದು ವರ್ಷ ಬದುಕಿರ್ಲಿ ಅಂತ. ಆರು ವರ್ಷದ ಮಗು ಗೊಂಬೆ ಬೇಡ್ಕೊಳ್ಳಲ್ಲ, ಅಮ್ಮನ ಆಯಸ್ಸು ಬೇಡ್ಕೊಳ್ಳುತ್ತೆ.

ಅದೇ ವಯಸ್ಸಲ್ಲಿ ಅಮ್ಮ ಒಂದಿನ ಕೂರಿಸ್ಕೊಂಡು ಕೇಳ್ತಾರೆ, ನನ್ನ ಅಪ್ಪ ಅಮ್ಮ ನಂಗೆ ಆಕ್ಟ್ರೆಸ್ ಆಗೋಕೆ ಬಿಡಲಿಲ್ಲ, ನೀನು ಆಗ್ತೀಯಾ, ಅಮ್ಮನ ಪುಟ್ಟ ಆಕ್ಟ್ರೆಸ್ ಆಗ್ತೀಯಾ? ಆ ಪ್ರಶ್ನೆಗೆ ಸರಿಯಾದ ಉತ್ತರ ಒಂದೇ ಇತ್ತು ಅಂತ ಜೆನೆಟ್ ಬರೀತಾರೆ. ಇಡೀ ಪುಸ್ತಕದಲ್ಲಿ ನಂಗೆ ಬೆರಳಿಟ್ಟು ತೋರಿಸ್ಬೇಕು ಅನ್ಸೋ ಜಾಗ ಇದು. ಮಗು ಹೂಂ ಅಂತು. ಯಾರೂ ಹೊಡೀಲಿಲ್ಲ ಬಡೀಲಿಲ್ಲ, ಎಳ್ಕೊಂಡು ಹೋಗಲಿಲ್ಲ. ಯಾರಾದ್ರೂ ಆಫೀಸರ್ ಬಂದು ನಿಂಗೆ ಇಷ್ಟ ಇದ್ಯಾ ಪುಟ್ಟಿ ಅಂತ ಕೇಳಿದ್ರೂ ಹೂಂ ಅಂತಲೇ ಹೇಳ್ತಿತ್ತು. ಹೂಂ ಅಂದ್ರೆ ಅಮ್ಮ ನಗ್ತಾಳೆ, ಅಮ್ಮ ನಕ್ಕರೆ ಅಮ್ಮಂಗೆ ಏನೂ ಆಗಲ್ಲ, ಅಷ್ಟೇ ಆ ಮಗುವಿಗೆ ಗೊತ್ತಿದ್ದ ಲೆಕ್ಕ.

ಎಂಟು ವರ್ಷಕ್ಕೆ ಕ್ಯಾಮೆರಾ ಮುಂದೆ ಬಂದಾಯ್ತು. ಹತ್ತು ಹನ್ನೊಂದು ವರ್ಷಕ್ಕೆಲ್ಲ ಮನೆ ನಡೆಯೋದೇ ಮುಖ್ಯವಾಗಿ ನನ್ನ ಸಂಪಾದನೇಲಿ ಅನ್ನೋ ಹಾಗಾಗಿತ್ತು ಅಂತ 2021ರಲ್ಲಿ ತಮ್ಮ ಪಾಡ್‌ಕಾಸ್ಟ್‌ನಲ್ಲಿ ಅವ್ರೇ ಹೇಳಿದ್ರು. ನಮ್ಮಲ್ಲಿ ಹತ್ತು ವರ್ಷದ ಮಗು ಹೋಟೆಲಲ್ಲಿ ಲೋಟ ತೊಳೆದು ಮನೆ ಸಾಕ್ತಿದೆ ಅಂದ್ರೆ ಕರುಳು ಚುರುಕ್ ಅನ್ನುತ್ತೆ, ಅದೇ ಮಗು ಟೀವೀಲಿ ಬಂದು ಮನೆ ಸಾಕಿದ್ರೆ ಅದೃಷ್ಟವಂತೆ ಅಂತೀವಿ.

ಅದೇ ವಯಸ್ಸಲ್ಲಿ ಇನ್ನೊಂದು ಪ್ರಸಂಗ ನಡೀತು. ಜೆನೆಟ್ ಕೂತ್ಕೊಂಡು ತಾನೇ ಒಂದು ಸ್ಕ್ರೀನ್‌ಪ್ಲೇ ಬರೆದ್ಲು, ನೂರು ಪುಟ ದಾಟಿದ್ದು, ಸಿನಿಮಾದವ್ರು ಬಳಸೋ ಅದೇ ಫಾಂಟಲ್ಲಿ ಟೈಪ್ ಮಾಡಿ. ಖುಷಿಯಿಂದ ಅಮ್ಮಂಗೆ ತೋರಿಸಿದ್ರೆ ಅಮ್ಮನ ಮುಖ ಬಾಡ್ತು. ರೈಟರ್‌ಗಳು ಸರಿಯಾಗಿ ಬಟ್ಟೆ ಹಾಕಲ್ಲ, ಕೂತು ಕೂತು ದಪ್ಪ ಆಗ್ತಾರೆ, ನೀನು ಹಾಗಾಗೋದು ನಂಗೆ ಬೇಡ, ಆಕ್ಟಿಂಗ್‌ಗಿಂತ ಇದು ಜಾಸ್ತಿ ಇಷ್ಟ ಅಂತ ಮಾತ್ರ ಹೇಳ್ಬೇಡ ಅನ್ನೋ ಅರ್ಥದಲ್ಲಿ ಮಾತಾಡಿದ್ರಂತೆ. ಮಗು ತಕ್ಷಣ ಇಲ್ಲಮ್ಮ ನಂಗೆ ಆಕ್ಟಿಂಗೇ ಇಷ್ಟ ಅಂತು. ಇವತ್ತು ಜಗತ್ತಿಗೆ ಅವ್ರು ಗೊತ್ತಿರೋದು ಬರಹಗಾರ್ತಿ ಅಂತ, ಅದಕ್ಕೇ ಈ ಪ್ರಸಂಗ ಮನಸ್ಸಿಂದ ಹೋಗಲ್ಲ. ಹತ್ತು ವರ್ಷಕ್ಕೇ ದಾರಿ ಕಂಡಿತ್ತು, ಆ ದಾರಿ ಹಿಡಿಯೋಕೆ ಇನ್ನೂ ಹದಿನೈದು ವರ್ಷ ಬೇಕಾಯ್ತು.

ಹನ್ನೊಂದನೇ ವಯಸ್ಸಲ್ಲಿ ಮೈ ಬದಲಾಗೋಕೆ ಶುರುವಾದಾಗ ಮಗಳು ಹೆದರ್ಕೊಂಡು ಅಮ್ಮನ ಹತ್ರ ಹೋಗಿ ಇದನ್ನ ನಿಲ್ಲಿಸೋಕೆ ಆಗುತ್ತಾ ಅಂತ ಕೇಳ್ತಾಳೆ. ಬೇರೆ ಅಮ್ಮ ಆಗಿದ್ರೆ ನಕ್ಕು ತಲೆ ಸವರ್ತಿದ್ಲು. ಈ ಅಮ್ಮ ಕ್ಯಾಲೊರಿ ಲೆಕ್ಕ ಹಾಕೋದು ಕಲಿಸಿಕೊಟ್ಟಳು. ಚಿಕ್ಕವಳ ಥರ ಕಂಡ್ರೆ ಚಿಕ್ಕವಳ ಪಾತ್ರ ಸಿಗುತ್ತೆ. ಅಮ್ಮ ಮಗಳು ಇಬ್ರೂ ಸೇರಿ ಊಟ ಅಳೆದು ಅಳೆದು ತಿನ್ನೋದು, ತೂಕ ನೋಡೋದು, ಅದೇ ಅವರಿಬ್ರ ಸಲಿಗೆ ಆಗೋಯ್ತು. ಇಲ್ಲಿಂದ ಶುರುವಾದ ಊಟದ ಕಾಯಿಲೆ ಅಮ್ಮ ಹೋದ ಮೇಲೂ ಬಿಡಲಿಲ್ಲ, ಮೊದಲು ಊಟ ಬಿಡೋದು, ಆಮೇಲೆ ಸಿಕ್ಕಾಪಟ್ಟೆ ತಿಂದು ವಾಂತಿ ಮಾಡೋದು. ಇಷ್ಟೆಲ್ಲ ನಡೀತಿದ್ದಾಗ ಟೀವೀಲಿ ಮಾಡ್ತಿದ್ದ ಪಾತ್ರ ಯಾವುದು ಅಂದ್ರೆ ಇಪ್ಪತ್ತನಾಲ್ಕು ಗಂಟೆ ತಿನ್ನೋ ಸ್ಯಾಮ್. ಕೋಟಿಗಟ್ಟಲೆ ಮಕ್ಕಳು ನಕ್ಕಿದ್ದು ಆ ತಿನ್ನೋ ಹುಡುಗಿ ನೋಡಿ.

ಪುಸ್ತಕ ಶುರುವಾಗೋದೇ ಆಸ್ಪತ್ರೆಯಿಂದ. ಕ್ಯಾನ್ಸರ್ ಮತ್ತೆ ಬಂದಿದೆ, ಅಮ್ಮ ಐಸಿಯುನಲ್ಲಿ ಪ್ರಜ್ಞೆ ಇಲ್ಲದೆ ಮಲಗಿದಾರೆ, ಅಣ್ಣಂದಿರು ಒಬ್ಬೊಬ್ರೇ ಹತ್ರ ಹೋಗಿ ಅಮ್ಮಂಗೆ ಖುಷಿ ಆಗೋ ಸುದ್ದಿ ಕಿವೀಲಿ ಹೇಳ್ತಾರೆ, ಕೇಳಿಯಾದ್ರೂ ಕಣ್ಣು ಬಿಡ್ಲಿ ಅಂತ. ಜೆನೆಟ್ ಎಲ್ಲರೂ ಆಚೆ ಹೋಗೋವರೆಗೆ ಕಾದಿದ್ದು ಆಮೇಲೆ ಬಗ್ಗಿ ಹೇಳ್ತಾಳೆ, ಅಮ್ಮ, ನಾನೀಗ ತುಂಬ ಸಣ್ಣ ಆಗಿದೀನಿ, ಕೊನೆಗೂ 89 ಪೌಂಡ್‌ಗೆ ಬಂದೆ. ನಮ್ಮ ಲೆಕ್ಕದಲ್ಲಿ ಹತ್ತಿರ ಹತ್ತಿರ 40 ಕೆಜಿ. ಬೆಳೆದ ಹುಡುಗಿ, ದೇಶಕ್ಕೆಲ್ಲ ಗೊತ್ತಿರೋ ನಟಿ, ಅಮ್ಮನ್ನ ಬದುಕಿಸೋಕೆ ತನ್ನ ಹತ್ರ ಇರೋ ದೊಡ್ಡ ಉಡುಗೊರೆ ಅಂದ್ಕೊಂಡಿದ್ದು ತನ್ನ ತೂಕ. ನಾನು ಅಲ್ಲಿಗೆ ಪುಸ್ತಕ ಮುಚ್ಚಿ ಒಂದು ಸುತ್ತು ಆಚೆ ನಡ್ಕೊಂಡು ಬಂದೆ.

ದುಡ್ಡಿನ ವಿಷಯಕ್ಕೆ ಒಂದು ಇಮೇಲ್ ಸಾಕು. ಮಗಳು ಒಬ್ಬ ಗಂಡಸಿನ ಜೊತೆ ರಜೆಗೆ ಹೋಗಿದ್ದ ಫೋಟೋ ಪೇಪರಿನವ್ರಿಗೆ ಸಿಕ್ಕಿ ಎಲ್ಲಾ ಕಡೆ ಬಂತು. ಅಮ್ಮ ಬಾಯಿಗೆ ಬಂದಿದ್ದೆಲ್ಲ ಬೈದು, ನಾನಿನ್ನು ನಿನ್ನ ತಾಯಿ ಅಲ್ಲ ಅಂತ ಬರೆದು, ಕೆಳಗೆ ತಾಜಾಕಲಂ ಹಾಕ್ತಾರೆ: ನಮ್ಮ ಫ್ರಿಜ್ ಕೆಟ್ಟಿದೆ, ಹೊಸದಕ್ಕೆ ದುಡ್ಡು ಕಳಿಸು.

ಇನ್ನು ಚಾನೆಲ್ ಕಡೆ ಬರೋಣ, ಯಾಕಂದ್ರೆ ಎಲ್ಲಾ ತಪ್ಪನ್ನೂ ಸತ್ತುಹೋದ ಒಬ್ಬ ಹೆಂಗಸಿನ ತಲೆ ಮೇಲೆ ಹೊರಿಸಿಬಿಟ್ರೆ ಬೇರೆಯವ್ರಿಗೆಲ್ಲ ಅನುಕೂಲ ಆಗೋಗುತ್ತೆ. 'ದಿ ಕ್ರಿಯೇಟರ್', ಅಂದ್ರೆ ಶೋ ಹುಟ್ಟುಹಾಕಿದವ, ಅಂತ ಮಾತ್ರ ಕರೆದು ಹೆಸರು ಹೇಳದ ಒಬ್ಬ ವ್ಯಕ್ತಿ ಬಗ್ಗೆ ಜೆನೆಟ್ ಬರೆದಿದಾರೆ, ಆತ ಒತ್ತಾಯ ಮಾಡಿ ಕುಡಿಯೋಕೆ ಕೊಟ್ಟಿದ್ದು, ಕೇಳದೇ ಭುಜ ನೀವಿದ್ದು, ಸೆಟ್‌ನಲ್ಲಿ ಎಲ್ಲರೂ ಹೆದರ್ತಿದ್ದಿದ್ದು. 2013ರಲ್ಲಿ ಗಾಯಕಿ ಅರಿಯಾನಾ ಗ್ರಾಂಡೆ ಜೊತೆ 'ಸ್ಯಾಮ್ ಅಂಡ್ ಕ್ಯಾಟ್' ಅನ್ನೋ ಇನ್ನೊಂದು ಶೋ ಶುರುವಾಯ್ತು. ಅದರಲ್ಲಿ ಒಂದು ಎಪಿಸೋಡ್ ನೀನೇ ಡೈರೆಕ್ಟ್ ಮಾಡುವಂತೆ ಅಂತ ಮಾತು ಕೊಟ್ಟಿದ್ರಂತೆ, ಅದು ನಡೀಲಿಲ್ಲ. ಹೊರಗಿನ ಸಿನಿಮಾ ಬಂದ್ರೆ ಇವ್ರಿಗೆ ಪರ್ಮಿಷನ್ ಇಲ್ಲ. ಅರಿಯಾನಾಗೆ ಹಾಡಿನ ಕೆಲಸಕ್ಕೆ ರಜೆ ಸಿಕ್ತಿತ್ತು, ಆ ವಾರ ಅವ್ರ ಪಾತ್ರನ ಒಂದು ಪೆಟ್ಟಿಗೆ ಒಳಗೆ ಸಿಕ್ಕಾಕ್ಕೊಂಡ ಹಾಗೆ ಬರೆದು ಶೂಟಿಂಗ್ ನಡೆಸಿದ್ರು. ಆ ಶೋ ನಡೀತಿದ್ದಾಗಲೇ 2013ರ ಸೆಪ್ಟೆಂಬರ್‌ನಲ್ಲಿ ಅಮ್ಮ ತೀರ್ಕೊಂಡ್ರು. 2014ರ ಜುಲೈನಲ್ಲಿ ಶೋ ಒಂದೇ ಸೀಸನ್‌ಗೆ ನಿಂತೋಯ್ತು. ಆಗ ತಮಗೆ ಮೂರು ಲಕ್ಷ ಡಾಲರ್ ಕೊಡ್ತೀವಿ, ಇಲ್ಲಿ ಆಗಿದ್ದನ್ನ, ಅದರಲ್ಲೂ ಕ್ರಿಯೇಟರ್ ವಿಷಯನ ಆಚೆ ಮಾತಾಡ್ಬಾರ್ದು ಅಂದ್ರು, ನಾನು ತಗೊಳಲಿಲ್ಲ ಅಂತ ಜೆನೆಟ್ ಬರೀತಾರೆ. ಅವತ್ತು ಅವ್ರಿಗೆ 22 ವರ್ಷ. ಮೈಗೆ ಹುಷಾರಿಲ್ಲ, ಅಮ್ಮ ಇಲ್ಲ, ಮುಂದಿನ ಕೆಲಸ ಏನು ಅಂತ ಗೊತ್ತಿಲ್ಲ, ಅಂಥಾ ಹೊತ್ತಲ್ಲಿ ಅಷ್ಟು ದುಡ್ಡು ಬೇಡ ಅನ್ನೋದು ಸಣ್ಣ ಮಾತಲ್ಲ.

ಆಮೇಲೆ ಒಂದೆರಡು ಕಡೆ ಆಕ್ಟ್ ಮಾಡಿದ್ರು, ನೆಟ್‌ಫ್ಲಿಕ್ಸ್‌ನಲ್ಲೂ ಬಂದ 'ಬಿಟ್ವೀನ್' ಅನ್ನೋ ಸೀರೀಸ್ 2015, 2016ರಲ್ಲಿ ಬಂತು. ನ್ಯಾಶ್‌ವಿಲ್‌ನಲ್ಲಿ ಕಂಟ್ರಿ ಸಂಗೀತದ ಪ್ರಯತ್ನ ಮುಂಚೇನೇ ಮುಗಿದಿತ್ತು. ಥೆರಪಿಗೆ ಹೋದ್ರು, ಊಟದ ಕಾಯಿಲೆಗೆ ಚಿಕಿತ್ಸೆ ತಗೊಂಡ್ರು, 2017ರ ಹೊತ್ತಿಗೆ ಆಕ್ಟಿಂಗ್ ನಿಲ್ಲಿಸಿದ್ರು. 2021ರ ಜೂನ್‌ನಲ್ಲಿ 'ಐಕಾರ್ಲಿ' ಹೊಸದಾಗಿ ಪ್ಯಾರಾಮೌಂಟ್ ಪ್ಲಸ್‌ನಲ್ಲಿ ಶುರುವಾದಾಗ ಹಳೇ ಟೀಮ್ ಸೇರ್ತು, ಇವ್ರು ಹೋಗಲಿಲ್ಲ.

ಈಗ ಕಾನೂನಿನ ವಿಷಯ. ಅಮೆರಿಕಾದಲ್ಲಿ ಬಾಲನಟರ ದುಡ್ಡಿನ ರಕ್ಷಣೆಗೆ ಹುಟ್ಟಿದ್ದು 1939ರ ಕ್ಯಾಲಿಫೋರ್ನಿಯಾದ ಕೂಗನ್ ಕಾನೂನು. ಚಾಪ್ಲಿನ್ ಜೊತೆ 1921ರ 'ದಿ ಕಿಡ್' ಸಿನಿಮಾದಲ್ಲಿದ್ದ ಆ ಪುಟ್ಟ ಹುಡುಗ ಜ್ಯಾಕಿ ಕೂಗನ್, ದೊಡ್ಡವನಾಗಿ ನನ್ನ ದುಡ್ಡೆಲ್ಲಿ ಅಂತ ನೋಡಿದ್ರೆ ಲಕ್ಷಾಂತರ ಡಾಲರ್ ಅಮ್ಮ ಮತ್ತೆ ಮಲತಂದೆ ಕರಗಿಸಿಬಿಟ್ಟಿದ್ರು, ಕೋರ್ಟಿಗೆ ಹೋದ್ರೂ ಕೈಗೆ ಬಂದಿದ್ದು ಸುಮಾರು 1,26,000 ಡಾಲರ್. 2000ರಲ್ಲಿ ಆ ಕಾನೂನು ಬಿಗಿ ಆಗಿ, ಮಗುವಿನ ಗಳಿಕೆ ಮಗುವಿಂದೇ ಅಂತ ಆಯ್ತು, ಅದರಲ್ಲಿ 15 ಪರ್ಸೆಂಟ್ ಟ್ರಸ್ಟ್ ಅಕೌಂಟಿಗೆ ಹೋಗಲೇಬೇಕು. ಆದ್ರೆ ಇಡೀ ಅಮೆರಿಕಾಗೆ ಅನ್ವಯ ಆಗೋ 1938ರ ಕಾರ್ಮಿಕ ಕಾನೂನು ಬಾಲಕಾರ್ಮಿಕರ ವಿಷಯದಲ್ಲಿ ಬಾಲನಟರನ್ನ ಹೊರಗಿಟ್ಟಿದೆ, ಅದು ಇವತ್ತಿಗೂ ಹಾಗೇ ಇದೆ, ಹಾಗಾಗಿ ರಾಜ್ಯ ರಾಜ್ಯಕ್ಕೆ ಒಂದೊಂದು ನಿಯಮ.

ನಮ್ಮದು ಹೇಗಿದೆ ನೋಡೋಣ. 2016ರಲ್ಲಿ ಬಾಲಕಾರ್ಮಿಕ ಕಾಯ್ದೆ ತಿದ್ದುಪಡಿ ಆಗಿ 14 ವರ್ಷದೊಳಗಿನ ಮಕ್ಕಳು ದುಡಿಯೋದನ್ನ ನಿಷೇಧ ಮಾಡಿದಾಗ ಟೀವಿ, ಸಿನಿಮಾ, ಜಾಹೀರಾತಿನ ಬಾಲ ಕಲಾವಿದರಿಗೆ ವಿನಾಯ್ತಿ ಕೊಟ್ಟರು. 2017ರ ನಿಯಮಗಳಲ್ಲಿ ಷರತ್ತುಗಳು ಬಂದ್ವು: ದಿನಕ್ಕೆ ಐದು ಗಂಟೆ ಮೀರಬಾರ್ದು, ಬಿಡುವಿಲ್ಲದೆ ಮೂರು ಗಂಟೆ ಮೀರಬಾರ್ದು, ಒಂದೇ ಸಮನೆ 27 ದಿನಕ್ಕಿಂತ ಜಾಸ್ತಿ ಇಲ್ಲ, ಐದು ಮಕ್ಕಳಿಗೆ ಒಬ್ರು ಜವಾಬ್ದಾರಿ ವ್ಯಕ್ತಿ, ಗಳಿಕೆಯಲ್ಲಿ ಕನಿಷ್ಠ 20 ಪರ್ಸೆಂಟ್ ರಾಷ್ಟ್ರೀಕೃತ ಬ್ಯಾಂಕಲ್ಲಿ ಮಗುವಿನ ಹೆಸರಲ್ಲಿ ಎಫ್‌ಡಿ, ಮತ್ತೆ ನಿರ್ಮಾಪಕರು ಜಿಲ್ಲಾ ಮ್ಯಾಜಿಸ್ಟ್ರೇಟ್ ಅನುಮತಿ ತಗೋಬೇಕು. ನಿಜ ಹೇಳ್ಬೇಕಂದ್ರೆ ಕೂಗನ್ ಕಾನೂನಿನ 15ಕ್ಕಿಂತ ನಮ್ಮ 20 ಜಾಸ್ತಿ. ಮಗುವಿನ ಇಚ್ಛೆ, ಒಪ್ಪಿಗೆ ಇಲ್ಲದೆ ಭಾಗವಹಿಸೋ ಹಾಗೆ ಮಾಡಬಾರ್ದು ಅಂತಲೂ ಬರೆದಿದೆ, ಅದು ದೊಡ್ಡ ವಿಷಯ.

ಆದ್ರೆ ಆ ಒಪ್ಪಿಗೆನ ಅಳೆಯೋರು ಯಾರು? ಅರ್ಜಿ ಜೊತೆ ಹೋಗೋದು ಅಪ್ಪ ಅಮ್ಮನ ಒಪ್ಪಿಗೆ. ಗಂಟೆ ಎಣಿಸಬಹುದು, ಪರ್ಸೆಂಟ್ ಲೆಕ್ಕ ಹಾಕಬಹುದು, ಎಫ್‌ಡಿ ರಸೀದಿ ತೋರಿಸು ಅನ್ನಬಹುದು, ಗಾರ್ಡನ್ ಗ್ರೋವ್‌ನ ಆ ಮನೇಲಿ ಆರು ವರ್ಷದ ಮಗು ಅಂದ ಹೂಂ ನಿಜವಾದ ಹೂಂ ಆಗಿತ್ತಾ ಅಂತ ಯಾವ ಫಾರಂ ತುಂಬಿಸಿ ಕಂಡುಹಿಡೀತೀರಿ? ಎರಡೂ ದೇಶದ ಕಾನೂನು ಹೆಚ್ಚಾಗಿ ನಿರ್ಮಾಪಕರ ಮೇಲೆ ಕಣ್ಣಿಡುತ್ತೆ, ದುಡ್ಡಿನ ವಿಷಯದಲ್ಲಿ ಮಾತ್ರ ಅಪ್ಪ ಅಮ್ಮನ ಮೇಲೆ ಸ್ವಲ್ಪ ಅನುಮಾನ ಪಡುತ್ತೆ. ಊಟ, ಮೈ, ಮನಸ್ಸು ಇದೆಲ್ಲ ಅಮ್ಮ ನೋಡ್ಕೊತಾಳೆ ಬಿಡಿ ಅನ್ನೋ ಭರವಸೆ, ಕೆಟ್ಟ ತಾಯಿ ಇರಲ್ಲ ಅನ್ನೋದು ಅದೇ. ಇನ್ನೊಂದು ತೂತು ಏನಂದ್ರೆ ನಮ್ಮ ಆ ನಿಯಮದ ಪ್ರಕಾರ 'ಮಗು' ಅಂದ್ರೆ 14ರೊಳಗೆ. 'ಐಕಾರ್ಲಿ' ಶುರುವಾದಾಗ ಜೆನೆಟ್‌ಗೆ 15. ಅದೇ ಹುಡುಗಿ ಇಲ್ಲಿ ಸೀರಿಯಲ್ ಮಾಡಿದ್ರೆ ಐದು ಗಂಟೆ ನಿಯಮ ಅವಳಿಗೆ ಸಿಕ್ತಾನೇ ಇರ್ಲಿಲ್ಲ. ಹದಿಹರೆಯದ ಹುಡುಗೀರು ನಾಯಕಿ ಆಗಿ ಬರೋ ನಮ್ಮ ಡೈಲಿ ಸೀರಿಯಲ್‌ಗಳ ಬಗ್ಗೆ ಇದನ್ನ ಯೋಚನೆ ಮಾಡ್ಬೇಕು.

2008ರಲ್ಲಿ ಕೋಲ್ಕತ್ತಾದ ಒಬ್ಬ ಹದಿನಾರರ ಹುಡುಗಿ ರಿಯಾಲಿಟಿ ಶೋನಲ್ಲಿ ಜಡ್ಜ್‌ಗಳು ಬೈದ ಮೇಲೆ ಮಾತು ನಿಂತು, ಕೈಕಾಲು ಆಡದೆ ಹೋಗಿ, ಚಿಕಿತ್ಸೆಗೆ ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ಗೇ ಕರ್ಕೊಂಡು ಬಂದಿದ್ರು. ಅವತ್ತು ದೇಶ ಪೂರ್ತಿ ಚರ್ಚೆ ಆಯ್ತು. ಈಗ ಸ್ಟುಡಿಯೋ ಕೂಡ ಬೇಡ. ಹೋದ ತಿಂಗಳು ಒಂದು ಮದುವೆ ಮನೇಲಿ, ಊಟದ ಪಂಕ್ತಿ ಪಕ್ಕ, ಐದು ವರ್ಷದ ಮಗುವಿಗೆ ಅವ್ರಮ್ಮ ಫೋನ್ ಹಿಡ್ಕೊಂಡು ಆ ಡೈಲಾಗ್ ಹೇಳು ಪುಟ್ಟಾ, ಇನ್ನೊಂದ್ಸಲ, ನಗ್ತಾ ಹೇಳು, ಅಂತ ಆರು ಸಲ ಹೇಳಿಸಿದ್ರು. ಮಗು ಆರನೇ ಸಲ ಹೇಳಿ ಮುಗಿಸಿ ಕ್ಯಾಮೆರಾ ನೋಡ್ಲಿಲ್ಲ, ಅಮ್ಮನ ಮುಖ ನೋಡ್ತು, ಸರಿಹೋಯ್ತಾ ಅಂತ. ಆ ಅಮ್ಮ ಕೆಟ್ಟವ್ರಲ್ಲ, ಮಗೂಗೆ ಬಿಸಿ ಪಾಯಸ ಊದಿ ಊದಿ ತಿನ್ನಿಸಿದ್ದನ್ನೂ ನಾನು ನೋಡಿದೆ. ಅಮೆರಿಕಾದಲ್ಲಿ ಇಂಥ ವಿಡಿಯೋ ಮಕ್ಕಳ ದುಡ್ಡಿಗೆ ಕಾನೂನು ಬಂದಿದೆ, ಇಲಿನಾಯ್ 2024ರ ಜುಲೈನಿಂದ ಜಾರಿ ಮಾಡ್ತು, ಕ್ಯಾಲಿಫೋರ್ನಿಯಾ 2024ರ ಸೆಪ್ಟೆಂಬರ್‌ನಲ್ಲಿ ಸಹಿ ಹಾಕ್ತು, ಸಹಿ ಹಾಕುವಾಗ ಪಕ್ಕದಲ್ಲಿ ಇದ್ದಿದ್ದು ಇನ್ನೊಬ್ಬ ಹಳೇ ಬಾಲನಟಿ ಡೆಮಿ ಲೊವಾಟೊ. ಅದೂ ದುಡ್ಡಿನ ಕಾನೂನೇ.

ಬಿಡೋದು ಅಂದ್ರೆ ಸೋಲು ಅನ್ನೋ ಮಾತಿಗೂ ನಮ್ಮ ಕಡೆಯಿಂದ ಒಂದು ಉದಾಹರಣೆ ಇದೆ. ಶಂಕರ್‌ನಾಗ್ ಆಗುಂಬೆಲಿ ತೆಗೆದ 'ಮಾಲ್ಗುಡಿ ಡೇಸ್'ನ ಸ್ವಾಮಿ, ಮಾಸ್ಟರ್ ಮಂಜುನಾಥ್, ದೊಡ್ಡವರಾಗ್ತಾ ಆಕ್ಟಿಂಗ್ ಬಿಟ್ಟು ಬೇರೆ ಕೆಲಸ ಹಿಡಿದ್ರು. ಇವತ್ತಿಗೂ ಜನ ಪ್ರೀತಿಯಿಂದಲೇ ನೆನೆಸ್ಕೊತಾರೆ. ಇಬ್ಬರ ಕಥೆ ಒಂದೇ ಅಂತ ಖಂಡಿತ ಹೇಳ್ತಿಲ್ಲ, ಬಾಲನಟ ಬಿಟ್ಟು ಹೋದ ತಕ್ಷಣ ಏನೋ ಆಗೋಯ್ತು ಪಾಪ ಅನ್ನೋ ಅಭ್ಯಾಸ ಮಾತ್ರ ಬಿಡಬಹುದು.

ಜೆನೆಟ್ ಬಿಟ್ಟಮೇಲೆ ಏನು ಮಾಡಿದ್ರು ನೋಡಿ. ಶಾರ್ಟ್ ಫಿಲ್ಮ್ ಬರೆದು ತಾವೇ ಡೈರೆಕ್ಟ್ ಮಾಡಿದ್ರು, ಒಬ್ಬರೇ ವೇದಿಕೆ ಮೇಲೆ ನಿಂತು ತಮ್ಮ ಕಥೆ ಹೇಳೋ ಶೋ ಮಾಡಿದ್ರು, ಆಮೇಲೆ ಆತ್ಮಕಥೆ. ಅದರ ಮುಖಪುಟದಲ್ಲಿ ಅಸ್ಥಿ ಇಡೋ ಒಂದು ಗುಲಾಬಿ ಕುಡಿಕೆ ಹಿಡ್ಕೊಂಡು ನಿಂತಿದಾರೆ, ಒಳಗಿಂದ ಬಣ್ಣದ ಕಾಗದದ ಚೂರು ಉಕ್ಕಿ ಬರ್ತಿದೆ. ಆ ಚಿತ್ರ ನೋಡಿ ಬೈದವ್ರು ಬೇಕಾದಷ್ಟು ಜನ. ಒಳಗೆ ಓದಿದ್ರೆ ದ್ವೇಷಕ್ಕಿಂತ ಜಾಸ್ತಿ ಸಿಗೋದು ಅಮ್ಮನ್ನ ಎಷ್ಟು ಪ್ರೀತಿಸಿದ್ಲು ಅನ್ನೋದೇ, ಬಿಡಿಸ್ಕೊಳೋಕೆ ಕಷ್ಟ ಆಗಿದ್ದೂ ಅದಕ್ಕೇ. 2026ರ ಜನವರಿಯಲ್ಲಿ ಮೊದಲ ಕಾದಂಬರಿ 'ಹಾಫ್ ಹಿಸ್ ಏಜ್' ಬಂತು. ಹತ್ತು ವರ್ಷದವಳಿದ್ದಾಗ ಬೇಡ ಅನ್ನಿಸ್ಕೊಂಡ ಕೆಲಸನೇ ಈಗ ಪೂರ್ತಿ ಜೀವನ.

2025ರ ಜುಲೈನಲ್ಲಿ ಆಪಲ್ ಟೀವಿ ಪ್ಲಸ್ ಆತ್ಮಕಥೆಯಿಂದ ಪ್ರೇರಣೆ ಪಡೆದ ಹತ್ತು ಎಪಿಸೋಡ್‌ನ ಸೀರೀಸ್ ಮಾಡ್ತೀವಿ ಅಂತ ಹೇಳ್ತು. ಅಮ್ಮನ ಪಾತ್ರಕ್ಕೆ ಜೆನಿಫರ್ ಅನಿಸ್ಟನ್. ಬರೆಯೋದು, ಶೋ ನಡೆಸೋದ್ರಲ್ಲಿ ಜೆನೆಟ್ ಇದಾರೆ, ಕ್ಯಾಮೆರಾ ಹಿಂದೆ. ಆ ಪ್ರಕಟಣೆಲಿ ಕಥೆ ಯಾರ ಬಗ್ಗೆ ಅಂತ ಒಂದು ಸಾಲಿತ್ತು: ಮಕ್ಕಳ ಶೋ ಒಂದರಲ್ಲಿ ಹೆಸರು ಮಾಡಿರೋ 18 ವರ್ಷದ ನಟಿ ಮತ್ತೆ ಅವಳ ಅಮ್ಮ. ಹದಿನೆಂಟು ಅಂತ ಓದಿ ನಾನು ಅಲ್ಲೇ ನಿಂತೆ. ಆರು ವರ್ಷದವಳಿಂದ ಶುರು ಮಾಡಿದ್ರೆ ಆರು ವರ್ಷದ ಇನ್ಯಾವುದೋ ಮಗುನ ಕರೆದು ಕೂರಿಸಿ, ಈ ಪಾರ್ಟ್ ಮಾಡ್ತೀಯಾ ಪುಟ್ಟಿ ಅಂತ ಅದರ ಅಮ್ಮನ ಎದುರಿಗೇ ಕೇಳ್ಬೇಕಾಗ್ತಿತ್ತು.